ಕ್ರೀಟ್‌ನಲ್ಲಿ ಗಾಳಿ ನೋಡಿ ನೀರಿಗಿಳಿದ ವಾರ

ಶನಿವಾರ

ಮ್ಯೂನಿಕ್ ಬಿಟ್ಟು ಮೂರು ಗಂಟೆಯಾಗುವುದರೊಳಗೆ ಕಿಟಕಿಯ ಕೆಳಗೆ ಕ್ರೀಟ್ ಕಾಣಿಸಿತು. ದ್ವೀಪ ಅಂದರೆ ಮನಸ್ಸಿನಲ್ಲಿ ಮೂಡುವ ಪುಟ್ಟ ಹಸಿರು ಚುಕ್ಕೆ ಅಲ್ಲ ಇದು. ಪೂರ್ವ ಪಶ್ಚಿಮವಾಗಿ 260 ಕಿಲೋಮೀಟರ್ ಉದ್ದ. ಅಗಲ ಮಾತ್ರ 60 ದಾಟುವುದಿಲ್ಲ, ಕೆಲವು ಕಡೆ 12ಕ್ಕೆ ಇಳಿಯುತ್ತದೆ. ನಡುವೆ ಉದ್ದಕ್ಕೂ ಬೋಳು ಬೆಟ್ಟಗಳ ಸಾಲು. ಪಶ್ಚಿಮದ ತುದಿಗಿರುವ ಲೆಫ್ಕಾ ಓರಿ, ಅಂದರೆ ಬಿಳಿಬೆಟ್ಟಗಳು, 2453 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರ್ ಹೆಚ್ಚು, ಅದೂ ಕಡಲ ಪಕ್ಕದಿಂದಲೇ ಎದ್ದು ನಿಂತದ್ದು. ಈ ಗೋಡೆಯಿಂದಾಗಿ ದ್ವೀಪಕ್ಕೆ ಎರಡು ಬೇರೆ ಬೇರೆ ಕಡಲುಗಳಿವೆ. ಉತ್ತರದ್ದು ಏಜಿಯನ್ ಕಡೆಯದು, ದಕ್ಷಿಣದ್ದು ಲಿಬಿಯಾ ಸಮುದ್ರ. ಒಂದು ಕಡೆ ಅಬ್ಬರವಿದ್ದ ದಿನ ಇನ್ನೊಂದು ಕಡೆ ನೀರು ಮಿಸುಕಾಡದೆ ಇರಬಹುದು. ಈ ವಾರ ನಾವು ಎಲ್ಲಿ ಈಜಿದೆವು, ಎಲ್ಲಿ ದಡದಲ್ಲೇ ಕೂತೆವು ಎನ್ನುವುದನ್ನೆಲ್ಲ ತೀರ್ಮಾನಿಸಿದ್ದು ಇದೊಂದೇ ಸಂಗತಿ.

ನಾವು ಅಂದರೆ ನಾಲ್ವರು. ತಿಪಟೂರಿನ ನನ್ನ ಗಂಡನಿಗೆ ಈಜು ಬಾರದು, ಆ ಬಗ್ಗೆ ಬೇಸರವೂ ಇಲ್ಲ. ಹತ್ತು ವರ್ಷದ ಮಗಳಿಗೆ ಜರ್ಮನಿಯ ಈಜುಕೊಳದಲ್ಲಿ ಸಿಕ್ಕ ಕಂಚಿನ ಬ್ಯಾಡ್ಜ್‌ನ ಹೆಮ್ಮೆ. ಹೊನ್ನಾವರದಿಂದ ಬಂದಿದ್ದ ಅಪ್ಪನಿಗೆ ಎಪ್ಪತ್ತೆರಡು. ಜೀವನವಿಡೀ ಕಡಲ ಪಕ್ಕದಲ್ಲಿದ್ದೂ ಮೊಣಕಾಲಿಗಿಂತ ಮೇಲೆ ಅದನ್ನು ಬಿಟ್ಟುಕೊಂಡವರಲ್ಲ. ಮತ್ತೆ ನಾನು. ಶರಾವತಿಯಲ್ಲಿ ಈಜು ಕಲಿತವಳು.

ಇಳಿದ ಊರು ಹನ್ಯಾ. ನಕಾಶೆಯಲ್ಲಿ ಚಾನಿಯಾ ಎಂದು ಕಾಣುತ್ತದೆ, ಹಾಗೆ ಕೇಳಿದರೆ ಟ್ಯಾಕ್ಸಿಯವನು ನಗುತ್ತಾನೆ. ವೆನಿಸ್‌ನವರು ಕಟ್ಟಿದ ಹಳೆಯ ಬಂದರಿನಿಂದ ಪಶ್ಚಿಮಕ್ಕೆ ಕಾಲು ಗಂಟೆ ನಡೆದರೆ ನೆಯಾ ಹೋರಾ ಎಂಬ ಊರೊಳಗಿನ ಮರಳತೀರ. ನಮ್ಮ ಬಾಡಿಗೆ ಮನೆ ಅದರ ಹಿಂದಿನ ಗಲ್ಲಿಯಲ್ಲಿತ್ತು. ಚೀಲ ಇಟ್ಟವರೇ ನೀರಿನ ಕಡೆ ನಡೆದೆವು. ಸಂಜೆ ಆರಾಗಿತ್ತು, ಬಿಸಿಲು ಇನ್ನೂ ಹೆಗಲ ಮೇಲೇ ಇತ್ತು. ಜೀವರಕ್ಷಕರ ಗೋಪುರ ಮಾತ್ರ ಖಾಲಿ. ಅದರ ಮೇಲಿನ ಫಲಕ ನೋಡಿದರೆ ಕಾವಲಿನ ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆ. ಗ್ರೀಸ್‌ನ ಜನಜಂಗುಳಿಯ ತೀರಗಳಲ್ಲಿ ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ ಈ ವ್ಯವಸ್ಥೆ. ದಸರಾ ರಜೆಗೆಂದು ಅಕ್ಟೋಬರ್‌ನಲ್ಲಿ ಬರುವ ಬೆಂಗಳೂರಿನವರಿಗೆ ನೀರು ಬೆಚ್ಚಗೇ ಸಿಗುತ್ತದೆ, ಕಾಯುವವರು ಸಿಗುವುದಿಲ್ಲ.

ಅದೇ ಫಲಕದಲ್ಲಿ ತುರ್ತು ಸಂಖ್ಯೆಗಳಿದ್ದವು. ಯುರೋಪಿನಾದ್ಯಂತ ನಡೆಯುವ 112, ಆಂಬುಲೆನ್ಸಿಗೆ 166, ಕರಾವಳಿ ಕಾವಲು ಪಡೆಗೆ 108. ಅಪ್ಪನಿಗೆ ಇದು ಬಹಳ ಹಿಡಿಸಿತು. "ನಮ್ಮಲ್ಲಿ 108 ಅಂದ್ರೆ ಆಂಬುಲೆನ್ಸು, ಇಲ್ಲಿ ದೋಣಿ ಬರ್ತದಾ?" ಎಂದು ಕೇಳಿ, ಆಮೇಲೆ ವಾರವಿಡೀ ಆ ಸಂಖ್ಯೆಯನ್ನು ನಮಗೆಲ್ಲ ನೆನಪಿಸುತ್ತಲೇ ಇದ್ದರು.

ಅಲ್ಲೇ ಪಕ್ಕದಲ್ಲಿ ನೀಲಿ ಬಾವುಟ ಹಾರುತ್ತಿತ್ತು. ಅಪ್ಪನಿಗೆ ಅದರ ಗುರುತು ಸಿಕ್ಕಿತು, ಯಾಕೆಂದರೆ ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿಗೂ ಪಡುಬಿದ್ರಿಗೂ 2020ರಲ್ಲಿ ಇದೇ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ಈ ಬಾವುಟದ ಬಗ್ಗೆ ಎರಡೂ ಊರುಗಳಲ್ಲಿ ಒಂದೇ ತಪ್ಪು ತಿಳಿವಳಿಕೆ ಇದೆ. ನೀರಿನ ಶುದ್ಧತೆ, ಶೌಚಾಲಯ, ಕಸ ವಿಲೇವಾರಿ, ರಕ್ಷಣಾ ಸಲಕರಣೆ ಇವನ್ನೆಲ್ಲ ಪರೀಕ್ಷಿಸಿ ಇಡೀ ಋತುವಿಗೆ ಕೊಡುವ ಬಾವುಟ ಅದು. ಈ ಹೊತ್ತು ನೀರಿಗಿಳಿಯಬಹುದೇ ಎಂದು ಹೇಳುವುದು ಅದರ ಕೆಲಸವಲ್ಲ. ಅದಕ್ಕೆ ಗೋಪುರದ ಮೇಲಿನ ಸಣ್ಣ ಬಾವುಟವನ್ನೇ ನೋಡಬೇಕು: ಹಸಿರಾದರೆ ಸರಿ, ಹಳದಿಯಾದರೆ ಜಾಗ್ರತೆ, ಕೆಂಪಾದರೆ ಇಳಿಯುವಂತಿಲ್ಲ.

ಕತ್ತಲಾಗುವ ತನಕ ಅಪ್ಪ ಮರಳಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಕೇಳಿದರೆ, "ಭರತದ ಗೆರೆ ಎಲ್ಲಿ?" ಅಂದರು. ಹೊನ್ನಾವರದಲ್ಲಿ ಭರತ ಇಳಿತದ ನಡುವೆ ನೀರು ಆಳೆತ್ತರದಷ್ಟು ಏರಿಳಿಯುವುದನ್ನು ನೋಡಿದ ಕಣ್ಣಿಗೆ ಇಲ್ಲಿ ಏನೂ ಸಿಗಲಿಲ್ಲ. ಮೆಡಿಟರೇನಿಯನ್ ಹೆಚ್ಚುಕಡಿಮೆ ಮುಚ್ಚಿದ ಕಡಲು. ಕ್ರೀಟ್ ಸುತ್ತ ಭರತ ಇಳಿತ ಒಂದು ಗೇಣಿನ ಲೆಕ್ಕ. ಅದಕ್ಕೇ ಆರಾಮಕುರ್ಚಿಗಳನ್ನು ನೀರಿನಿಂದ ಎರಡು ಮಾರು ದೂರದಲ್ಲಿ ಇಟ್ಟು ಮರೆತುಬಿಡುತ್ತಾರೆ. ಅಪ್ಪ ಅದನ್ನು ನಂಬಲಿಲ್ಲ. ಚಪ್ಪಲಿಯನ್ನು ತಂದು ರಸ್ತೆಯ ಕಟ್ಟೆಯ ಮೇಲಿಟ್ಟರು.

ಭಾನುವಾರ

ಬೆಳಿಗ್ಗೆ ಮನೆಯೊಡತಿ ಅಂಜೂರ ತಂದುಕೊಟ್ಟು, ನಾವು ಬರೆದುಕೊಂಡಿದ್ದ ತೀರಗಳ ಪಟ್ಟಿಯನ್ನು ಓದಿ ಮಡಚಿಟ್ಟರು. ಮೊಬೈಲಿನಲ್ಲಿ ಗಾಳಿಯ ನಕಾಶೆ ತೆರೆದು ಬೆರಳಿಟ್ಟು ತೋರಿಸಿದರು: ಇವತ್ತು ಮೂರು ಬೋಫೋರ್, ನಾಳೆ ಐದು, ಮಂಗಳವಾರ ಆರು ಏಳು. ಇಲ್ಲಿ ಎಲ್ಲರ ಮಾತೂ ಬೋಫೋರಿನಲ್ಲೇ. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ ಮಾಡಿಟ್ಟ ಅಳತೆ ಅದು. ಮೂರೆಂದರೆ ಎಲೆಗಳು ಅಲ್ಲಾಡುವಷ್ಟು. ನಾಲ್ಕಕ್ಕೆ ಕಡಲ ಮೇಲೆ ಸಾಕಷ್ಟು ಬಿಳಿನೊರೆ ಏಳುತ್ತದೆ. ಆರೆಂದರೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗ, ಕೊಡೆ ಹಿಡಿಯುವ ಮಾತಿಲ್ಲ. ಆಕೆಯ ಲೆಕ್ಕ ಸರಳ. ನಾಲ್ಕರವರೆಗೆ ಉತ್ತರದ ತೀರಗಳಲ್ಲಿ ಮಕ್ಕಳನ್ನು ಬಿಡಬಹುದು, ಐದಕ್ಕೆ ಮರೆ ಇರುವ ಕೊಲ್ಲಿಗೆ ಹೋಗಬೇಕು, ಆರಕ್ಕೆ ಊಟ ಮಾಡಿ ಮಲಗಬೇಕು.

ಈ ಗಾಳಿಗೆ ಮೆಲ್ಟೆಮಿ ಎಂದು ಹೆಸರು. ಬೇಸಿಗೆಯಲ್ಲಿ ಉತ್ತರದಿಂದ, ವಾಯವ್ಯದಿಂದ ದಿನಗಟ್ಟಲೆ ಬೀಸುತ್ತದೆ. ಜುಲೈ ಆಗಸ್ಟ್‌ನಲ್ಲಿ ಜೋರು, ಸೆಪ್ಟೆಂಬರ್‌ನಲ್ಲೂ ಬಿಟ್ಟು ಬಿಟ್ಟು ಬರುತ್ತದೆ. ಅರಿಸ್ಟಾಟಲ್ ಇದರ ಬಗ್ಗೆ ಬರೆದಿದ್ದಾನೆ. ಮೋಡವಿಲ್ಲ, ಮಳೆಯಿಲ್ಲ, ಆಕಾಶ ನಿರ್ಮಲ, ಗಾಳಿ ಮಾತ್ರ ಹುಚ್ಚು ಹಿಡಿದಂತೆ. ನನಗೆ ಸೋಜಿಗವಾದದ್ದು ಇದರ ಬೇರು. ಬಾಲ್ಕನ್ ಕಡೆ ವಾಯುಭಾರ ಹೆಚ್ಚಿರುತ್ತದೆ, ಟರ್ಕಿಯ ಪ್ರಸ್ಥಭೂಮಿಯ ಮೇಲೆ ಕಡಿಮೆ. ಈ ಎರಡರ ನಡುವೆ ಗಾಳಿ ಹರಿಯುತ್ತದೆ. ಆ ಟರ್ಕಿಯ ಕಡಿಮೆ ಒತ್ತಡ ನಮ್ಮ ಮುಂಗಾರನ್ನು ಎಳೆದು ತರುವ ಕಡಿಮೆ ಒತ್ತಡದ ಪಟ್ಟಿಯದೇ ಪಶ್ಚಿಮದ ಬಾಲ. ಅಂದರೆ ಜೂನ್ ಒಂದರಿಂದ ಜುಲೈ ಮೂವತ್ತೊಂದರ ತನಕ ಮೀನುಗಾರಿಕೆ ನಿಷೇಧವೆಂದು ಹೊನ್ನಾವರದ ಬೋಟುಗಳು ದಡ ಸೇರಿರುವಾಗ, ಅದೇ ವ್ಯವಸ್ಥೆಯ ಇನ್ನೊಂದು ತುದಿ ಇಲ್ಲಿ ಛತ್ರಿಗಳನ್ನು ಹಾರಿಸುತ್ತಿರುತ್ತದೆ. ಅಪ್ಪನಿಗೆ ಹೇಳಿದೆ. "ಅಲ್ಲಿ ಮಳೆಗಾಲ, ಇಲ್ಲಿ ಗಾಳಿಗಾಲ, ಅಷ್ಟೇ ಅಲ್ದಾ" ಎಂದರು.

ಮೂರು ಬೋಫೋರಿನ ದಿನಕ್ಕೆ ಆಕೆ ಆರಿಸಿಕೊಟ್ಟದ್ದು ಊರಿನಿಂದ ನಾಲ್ಕೈದು ಕಿಲೋಮೀಟರ್ ಪಶ್ಚಿಮಕ್ಕಿರುವ ಆಯಿ ಅಪೋಸ್ತೊಲಿ. ಸಣ್ಣ ಸಣ್ಣ ಕೊಲ್ಲಿಗಳು, ಎರಡೂ ಬದಿಗೆ ಬಂಡೆಯ ತೋಳು, ಹಿಂದೆ ಪೈನ್ ಮರಗಳು. ಬಹಳ ಮಂದಿ ಇದನ್ನು ಬಿಟ್ಟು ಹೆಸರುವಾಸಿ ತೀರಗಳಿಗೆ ಓಡುತ್ತಾರೆ. ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಹನ್ಯಾ ಸುತ್ತ ನಾನು ಕಾಣೆ. ಸೊಂಟದ ಆಳಕ್ಕೆ ಹೋಗಲು ಮೂವತ್ತು ಹೆಜ್ಜೆ ನಡೆಯಬೇಕು. ನೀರು 25 ಡಿಗ್ರಿ. ಪೂರ್ವ ಮೆಡಿಟರೇನಿಯನ್‌ನ ಉಪ್ಪು ಲೀಟರಿಗೆ 39 ಗ್ರಾಂ ಹತ್ತಿರ, ಮಹಾಸಾಗರಗಳ ಸರಾಸರಿ 35. ಹಾಗಾಗಿ ಅಂಗಾತ ಮಲಗಿದರೆ ಮೈ ತಾನಾಗಿ ತೇಲುತ್ತದೆ. ಗಂಡನಿಗೆ ತೇಲುವುದನ್ನು ಕಲಿಸಿದ್ದು ಅಲ್ಲೇ. ಮಗಳೇ ಗುರು, ಬೈಗುಳವೂ ಅವಳದ್ದೇ.

ಅವಳ ಬ್ಯಾಡ್ಜ್ ಬಗ್ಗೆ ಎರಡು ಮಾತು. ಜರ್ಮನಿಯಲ್ಲಿ ಮಕ್ಕಳಿಗೆ ಮೊದಲು ಸಿಗುವುದು ಜೆಪ್ಫೆರ್ಡ್‌ಶೆನ್, ಕಡಲಕುದುರೆಯ ಚಿತ್ರವಿರುವ ಬ್ಯಾಡ್ಜ್. ನೀರಿಗೆ ಹಾರಿ 25 ಮೀಟರ್ ಈಜಿ, ಭುಜದಾಳದ ನೀರಿನಿಂದ ಒಂದು ವಸ್ತು ಎತ್ತಿದರೆ ಸಾಕು. ಅದನ್ನು ಈಜುಡುಗೆಗೆ ಹೊಲಿಸಿಕೊಂಡ ಮಗುವಿಗೆ ಈಜು ಬರುತ್ತದೆಂದು ತಂದೆತಾಯಿ ನೆಮ್ಮದಿಯಾಗುತ್ತಾರೆ, ಜೀವರಕ್ಷಕ ಸಂಘದವರು ಮಾತ್ರ ಕಂಚು ಬರುವವರೆಗೆ ಒಪ್ಪುವುದಿಲ್ಲ. ಕಂಚೆಂದರೆ ಹದಿನೈದು ನಿಮಿಷ ನಿಲ್ಲದೆ ಈಜಬೇಕು, ಕನಿಷ್ಠ 200 ಮೀಟರ್, ಜೊತೆಗೆ ಎರಡು ಮೀಟರ್ ಆಳಕ್ಕೆ ಮುಳುಗಿ ವಸ್ತು ಎತ್ತಿ ತರಬೇಕು. ಇದು ಮಗಳಿಗೆ ಬರುತ್ತದೆ. ಕೊಳದಲ್ಲಿ. ಕೊಳಕ್ಕೆ ಗೋಡೆಯಿದೆ, ಹಿಡಿದುಕೊಳ್ಳಲು ಕಂಬಿಯಿದೆ. ಹಾಗಾಗಿ ನಮ್ಮ ನಿಯಮ ಒಂದೇ ಇತ್ತು: ದಡಕ್ಕೆ ಸಮಾನಾಂತರವಾಗಿ ಎಷ್ಟು ಬೇಕಾದರೂ ಈಜು, ದಡದಿಂದ ದೂರಕ್ಕೆ ಬೇಡ. ಅವಳು ನೀರಲ್ಲಿರುವಷ್ಟು ಹೊತ್ತು ನಾನೂ ಗಂಡನೂ ಪಾಳಿಯಲ್ಲಿ ನೋಡುತ್ತಿದ್ದೆವು, ಪಾಳಿಯವರ ಕೈಯಲ್ಲಿ ಮೊಬೈಲ್ ಇಲ್ಲ. ಇಬ್ಬರೂ ನೋಡುತ್ತಿದ್ದೇವೆ ಅಂದರೆ ಯಾರೂ ನೋಡುತ್ತಿಲ್ಲ ಎಂದು ಅರ್ಥ.

ಸೋಮವಾರ

ಐದು ಬೋಫೋರ್, ವಾಯವ್ಯದಿಂದ. ಫಲಸಾರ್ನಾ ಪಶ್ಚಿಮಕ್ಕೆ ಮುಖ ಮಾಡಿದ ಉದ್ದನೆಯ ತೀರ. ಗಾಳಿ ನೇರ ಅದರ ಎದೆಗೇ. "ನೋಡಿ ಬನ್ನಿ, ಇಳಿಯಬೇಡಿ" ಎಂದೇ ಮನೆಯೊಡತಿ ಕಳಿಸಿದ್ದರು. ನಾವು ಹೊರಟದ್ದೂ ಅಲ್ಲಿನ ಹಾಳು ಬಂದರಿಗಾಗಿ.

ಆಲಿವ್ ತೋಟಗಳು, ಪ್ಲಾಸ್ಟಿಕ್ ಹೊದಿಸಿದ ಟೊಮೇಟೊ ಮನೆಗಳು ದಾಟಿ, ತೀರದ ಉತ್ತರಕ್ಕೆ ಮಣ್ಣುರಸ್ತೆಯಲ್ಲಿ ಹೋದರೆ ಪ್ರಾಚೀನ ಫಲಸಾರ್ನಾ. ಕೋಟೆಗೋಡೆ, ಗೋಪುರದ ಬುಡ, ಬಂಡೆಯಲ್ಲಿ ಕಡೆದ ಸಿಂಹಾಸನದಂಥ ಕುರ್ಚಿ. ಜೊತೆಗೆ ಆ ಹಾಳು ಬಂದರು, ಒಂದು ತೊಟ್ಟು ನೀರಿಲ್ಲದ್ದು. ದೋಣಿ ಕಟ್ಟುತ್ತಿದ್ದ ಕಟ್ಟೆಯ ಮುಂದೆ ಈಗ ಮುಳ್ಳುಗಿಡ. ಕ್ರಿಸ್ತಶಕ 365ರ ಜುಲೈ 21ರಂದು ಆದ ಭೂಕಂಪ ಕ್ರೀಟ್‌ನ ಪಶ್ಚಿಮ ತುದಿಯನ್ನು ಹಾಗೇ ಎತ್ತಿಬಿಟ್ಟಿತು. ಇಲ್ಲಿ ಆರು ಮೀಟರಿಗೂ ಹೆಚ್ಚು, ನೈರುತ್ಯದ ಮೂಲೆಯಲ್ಲಿ ಒಂಬತ್ತು ಮೀಟರ್‌ನಷ್ಟು. ಅದೇ ದಿನದ ಸುನಾಮಿ ಈಜಿಪ್ಟಿನ ಅಲೆಕ್ಸಾಂಡ್ರಿಯಾವನ್ನು ಮುಳುಗಿಸಿತು. ಸುತ್ತಲಿನ ಬಂಡೆಗಳ ಮೇಲೆ ಹಳೆಯ ನೀರಿನ ಮಟ್ಟ ಕೊರೆದ ಗೆರೆ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿ ಕಾಣುತ್ತದೆ. ಅಪ್ಪ ಅದನ್ನು ತುಂಬ ಹೊತ್ತು ನೋಡಿದರು. ಶನಿವಾರ ಹುಡುಕಿದ ಗೆರೆ ಕಡೆಗೂ ಸಿಕ್ಕಿತೆಂದು ಗಂಡ ತಮಾಷೆ ಮಾಡಿದರು.

ಮಧ್ಯಾಹ್ನ ತೀರಕ್ಕೆ ಇಳಿದೆವು. ಗೋಪುರದಲ್ಲಿ ಕೆಂಪು ಬಾವುಟ, ಗಾಳಿಗೆ ಸೆಟೆದು ನಿಂತಿತ್ತು. ಆದರೂ ಏಳೆಂಟು ಜನ ನೀರಲ್ಲಿ. ಜೀವರಕ್ಷಕ ಹುಡುಗಿ ಸೀಟಿ ಊದುತ್ತ ದಡದುದ್ದಕ್ಕೂ ಓಡಾಡುತ್ತಿದ್ದಳು. ನೀಲಿ ಹಸಿರು ಸ್ಫಟಿಕದಂಥ ನೀರು, ಹೊಂಬಣ್ಣದ ಮರಳು, ಮಿಂಚುವ ಬಿಸಿಲು. ಹೆದರಿಸುವಂಥದ್ದು ಕಣ್ಣಿಗೆ ಏನೂ ಇಲ್ಲ, ತೊಂದರೆಯೇ ಅದು. ಮುಂಗಾರಿನಲ್ಲಿ ಕೆಂಪಗೆ ಕುದಿಯುವ ಅರಬ್ಬಿ ಸಮುದ್ರವನ್ನು ಕಂಡರೆ ಯಾರೂ ಎಚ್ಚರಿಕೆ ಹೇಳಬೇಕಾಗಿಲ್ಲ. ಈ ಕಡಲಿಗೆ ಅಪಾಯದ ಮುಖವೇ ಇಲ್ಲ.

"ಅಲ್ಲಿ ನೋಡು, ತೆರೆ ಒಡೀತಾ ಇಲ್ಲ" ಎಂದು ಅಪ್ಪ ಮಗಳಿಗೆ ತೋರಿಸಿದರು. ಎರಡು ಬದಿಗೂ ಬಿಳಿನೊರೆ ಏಳುತ್ತಿದ್ದ ಕಡೆ ನಡುವೆ ಒಂದು ಪಟ್ಟಿ ಮಾತ್ರ ಕಪ್ಪಾಗಿ, ಶಾಂತವಾಗಿ ಇತ್ತು. ಮಗಳು ಕೂಡಲೇ, ಅಲ್ಲೇ ಇಳಿಯಬಹುದಲ್ಲ, ಎಂದಳು. ಯಾರಿಗೂ ಹಾಗೇ ಅನ್ನಿಸುತ್ತದೆ. ದಡಕ್ಕೆ ಬಂದು ಬಿದ್ದ ನೀರು ವಾಪಸ್ ಹೋಗಲು ದಾರಿ ಬೇಕಲ್ಲ. ಮರಳದಿಬ್ಬಗಳ ನಡುವಿನ ತಗ್ಗಿನಲ್ಲಿ ಒಟ್ಟಾಗಿ ನುಗ್ಗಿ ಹೋಗುವ ಆ ಹರಿವೇ ಸೆಳೆತ. ತಗ್ಗು ಆಳ ಇರುವುದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ಅದಕ್ಕೇ ಸೌಮ್ಯವಾಗಿ ಕಾಣುತ್ತದೆ. ಒಳಗೆ ಕೆಳಗೆ ಎಳೆದುಕೊಳ್ಳುತ್ತದೆ ಎನ್ನುವುದು ಸುಳ್ಳು. ಹೊರಕ್ಕೆ ಒಯ್ಯುತ್ತದೆ, ಅಷ್ಟೇ. ಗಾಬರಿಯಿಂದ ದಡದ ಕಡೆಗೇ ಎದುರು ಈಜಿ ಸುಸ್ತಾಗುವುದು ಪ್ರಾಣ ತೆಗೆಯುತ್ತದೆ. ತೇಲಬೇಕು, ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ನೊರೆ ಇರುವ ಕಡೆಗೆ ಸರಿದು, ತೆರೆಗಳ ಜೊತೆ ವಾಪಸ್ ಬರಬೇಕು.

ಇಲ್ಲಿನ ಇನ್ನೊಂದು ವ್ಯತ್ಯಾಸ ತೆರೆಗಳ ಅವಸರ. ನಮ್ಮ ಕಡೆ ದೂರದ ಸಾಗರದಿಂದ ಬರುವ ತೆರೆಗಳ ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವಿರುತ್ತದೆ. ಮೆಡಿಟರೇನಿಯನ್‌ನಲ್ಲಿ ಅಲ್ಲಿಯ ಗಾಳಿಯೇ ಎಬ್ಬಿಸಿದ ಗಿಡ್ಡ ತೆರೆಗಳು, ಐದಾರು ಸೆಕೆಂಡಿಗೊಂದು. ಎತ್ತರ ಒಂದೇ ಮೀಟರ್ ಇದ್ದರೂ ಒಂದರ ಹಿಂದೊಂದು ಮುಖಕ್ಕೆ ಬಡಿಯುತ್ತವೆ.

ಮಗಳು ತನ್ನ ಬ್ಯಾಡ್ಜಿನ ಮಾತೆತ್ತಿದಳು. ನಾನು ಉತ್ತರ ಹುಡುಕುತ್ತಿರುವಾಗ ಅಪ್ಪನೇ ಮುರುಡೇಶ್ವರದ ವಿಷಯ ಹೇಳಿದರು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಅಲ್ಲಿ ನೀರುಪಾಲಾದರು. ಮುರುಡೇಶ್ವರ ಹೊನ್ನಾವರದಿಂದ ಎಷ್ಟು ದೂರ ಎಂದು ಅವಳಿಗೆ ಗೊತ್ತು, ಪ್ರತಿ ರಜೆಯಲ್ಲೂ ಹೋಗಿದ್ದಾಳೆ. ಮತ್ತೆ ಕೇಳಲಿಲ್ಲ. ತೀರದ ಹೋಟೆಲಿನಲ್ಲಿ ಡಾಕೋಸ್ ತಿನ್ನುತ್ತ, ಗಟ್ಟಿ ಬಾರ್ಲಿ ರಸ್ಕಿನ ಮೇಲೆ ಟೊಮೇಟೊ, ಚೀಸು, ಆಲಿವ್ ಎಣ್ಣೆ ಸುರಿದದ್ದು, ಸೂರ್ಯ ಮುಳುಗುವ ತನಕ ಕೂತೆವು.

ಮಂಗಳವಾರ

ಏಳು ಬೋಫೋರ್. ಹಳೆಯ ಬಂದರಿನ ಕಟ್ಟೆಯ ಮೇಲೆ ತೆರೆಗಳು ಹತ್ತಿ ಹೋಟೆಲು ಮೇಜುಗಳ ಕಾಲು ತೊಳೆಯುತ್ತಿದ್ದವು. ಗ್ರಾಂವೂಸಾ ದ್ವೀಪಕ್ಕೂ ಬಾಲೋಸ್ ತೀರಕ್ಕೂ ಹೋಗುವ ದೋಣಿಗಳು ಇವತ್ತು ಹೊರಡುವುದಿಲ್ಲವೆಂದು ಸುದ್ದಿ ಬಂತು. ಬಾಲೋಸ್‌ನ ತಿಳಿನೀಲಿ ಲಗೂನಿನ ಚಿತ್ರ ನೋಡದವರಿಲ್ಲ, ನಮ್ಮ ಪಟ್ಟಿಯಲ್ಲೂ ಮೊದಲ ಹೆಸರು ಅದೇ ಆಗಿತ್ತು. ರಸ್ತೆ ಮಾರ್ಗ ಕಲ್ಲುಮಣ್ಣಿನದು, ಕೊನೆಗೆ ಇಳಿಜಾರು ನಡಿಗೆ ಬೇರೆ, ಅಪ್ಪನ ಮೊಣಕಾಲಿಗೆ ಆಗದು. ಬಿಟ್ಟೆವು. ಆಲೂಗಡ್ಡೆ, ಸೀಮೆಬದನೆಯಂಥ ಝುಕಿನಿ, ಮಿಝಿತ್ರಾ ಚೀಸು ಸೇರಿಸಿ ಬೇಯಿಸುವ ಹನ್ಯಾದ ಬೂರೇಕಿ ಗಂಡನಿಗೆ ಸಿಕ್ಕಿತು, ಅವರು ಸಸ್ಯಾಹಾರಿ. ಮಲಗಿದೆವು.

ಬುಧವಾರ

ಗಾಳಿ ಉತ್ತರದಿಂದ ಇನ್ನೂ ಐದು. ಬೆಟ್ಟ ದಾಟಿ ದಕ್ಷಿಣಕ್ಕೆ ಹೋದೆವು. ಇಂಬ್ರೋಸ್ ಕಳೆದ ಮೇಲೆ ರಸ್ತೆ ಹಾವಿನಂತೆ ಇಳಿದು ಹೋರಾ ಸ್ಫಾಕಿಯನ್ ಎಂಬ ಪುಟ್ಟ ಬಂದರಿಗೆ ಸೇರುತ್ತದೆ. 1941ರ ಮೇ ತಿಂಗಳ ಕೊನೆಯಲ್ಲಿ ಜರ್ಮನ್ ಪ್ಯಾರಾಟ್ರೂಪರ್‌ಗಳಿಗೆ ಸೋತ ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್ ಸೈನಿಕರು ಇದೇ ಬೆಟ್ಟ ನಡೆದು ದಾಟಿ, ಇದೇ ದಡದಿಂದ ರಾತ್ರಿ ಹಡಗು ಹತ್ತಿದರು. ಈಗ ಅಲ್ಲಿ ಕಾಫಿ ಸಿಗುತ್ತದೆ. ದೋಣಿ ಹತ್ತಿ ಗ್ಲಿಕಾ ನೆರಾಕ್ಕೆ ಹೋದೆವು, ಕಡಿದಾದ ಬಂಡೆಗೋಡೆಯ ಬುಡದಲ್ಲಿ ಬೆಣಚುಕಲ್ಲಿನ ತೀರ. ಬಿಳಿಬೆಟ್ಟಗಳ ಹಿಮ ಕರಗಿದ ನೀರು ಸುಣ್ಣಕಲ್ಲಿನೊಳಗೆ ಇಳಿದು ಇಲ್ಲಿ ಕಲ್ಲುಗಳ ಸಂದಿಯಿಂದ ಚಿಮ್ಮುತ್ತದೆ. ದಡದಲ್ಲಿ ಗುಂಡಿ ತೋಡಿದರೆ ಸಿಹಿನೀರು. ಕಡಲಲ್ಲಿ ಈಜುತ್ತಿರುವಾಗ ಇದ್ದಕ್ಕಿದ್ದಂತೆ ಕಾಲಿಗೆ ಐಸಿನಂಥ ತಣ್ಣೀರು ತಾಗುತ್ತದೆ.

ದಕ್ಷಿಣದ ನೀರು ಕನ್ನಡಿ. ಒಂದು ತೆರೆಯಿಲ್ಲ. ನಿನ್ನೆಯ ಅಬ್ಬರ ನೋಡಿದ ಮೇಲೆ ಸ್ವರ್ಗವೆನಿಸಿತು, ಆದರೆ ಇಲ್ಲಿಯ ಲೆಕ್ಕವೇ ತಿರುಗುಮುರುಗು. ಉತ್ತರದ ಗಾಳಿ ಬೆಟ್ಟ ಹತ್ತಿ ಈ ಕಡೆ ಕಣಿವೆಗಳಲ್ಲಿ ಜಾರಿ, ದಡದಿಂದ ಕಡಲಿನತ್ತ ಬೀಸುತ್ತದೆ. ಬೆನ್ನಿಗೆ ಗಾಳಿ, ಎದುರಿಗೆ ಸಪಾಟು ನೀರು. ದಡದ ಪಕ್ಕ ಎಲ್ಲವೂ ನಿಶ್ಚಲ. ನೂರು ಮೀಟರ್ ಆಚೆ ಬಂಡೆಯ ಮರೆ ತಪ್ಪಿದಲ್ಲಿ ಗಾಳಿ ನೀರನ್ನು ಕೆರೆದು ಹೊಗೆಯೆಬ್ಬಿಸುತ್ತಿತ್ತು. ಅಲ್ಲಿಂದಾಚೆ ಗಾವ್ದೋಸ್ ಎಂಬ ಪುಟ್ಟ ದ್ವೀಪ, ಆಮೇಲೆ ಆಫ್ರಿಕಾ. ಗಾಳಿ ತುಂಬಿದ ಆಟಿಕೆ, ತೇಲುಹಾಸಿಗೆ, ಫ್ಲೆಮಿಂಗೊ, ಡೋನಟ್ ಇವೆಲ್ಲ ಕೊಳದ ಸಾಮಾನುಗಳು; ಇಂಥ ಕಡೆ ಅವು ಹಾಯಿದೋಣಿಗಳು. 2020ರ ಆಗಸ್ಟ್‌ನಲ್ಲಿ ಗ್ರೀಸ್‌ನ ಮುಖ್ಯಭೂಮಿಯ ಆಂಟಿರಿಯೊ ಹತ್ತಿರ ಯೂನಿಕಾರ್ನ್ ಆಕಾರದ ಬಲೂನಿನ ಮೇಲೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ನಡುನೀರಿಗೆ ತೇಲಿಹೋಗಿದ್ದಳು. ಹಾದುಹೋಗುತ್ತಿದ್ದ ಫೆರಿಯವರು ಹಡಗನ್ನು ಮೆಲ್ಲಗೆ ಪಕ್ಕಕ್ಕೆ ತಂದು, ತೆರೆಯೇಳದಂತೆ ನೋಡಿಕೊಂಡು ಎತ್ತಿಕೊಂಡರು. ಆ ವಿಡಿಯೊ ಜಗತ್ತೆಲ್ಲ ಸುತ್ತಿತು. ಮಗು ಬಲೂನನ್ನು ಬಿಡದೆ ಹಿಡಿದು ಕೂತದ್ದೇ ಅವಳನ್ನು ಉಳಿಸಿತು. ದೊಡ್ಡವರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ತೇಲಿಹೋದ ಚೆಂಡಿನ ಹಿಂದೆ ಈಜುವುದು. ಗಾಳಿಯ ವೇಗಕ್ಕೆ ಯಾರೂ ಈಜಲಾರರು. ಹೋದ ಚೆಂಡು ಹೋಯಿತು ಎಂದು ಬಿಡಬೇಕು.

ಇಲ್ಲಿ ಆಳವೂ ತಟ್ಟನೆ ಬರುತ್ತದೆ, ನಾಲ್ಕು ಹೆಜ್ಜೆಗೆ ಕಾಲು ನೆಲ ಬಿಡುತ್ತದೆ. ಗಂಡ ದಡದಲ್ಲೇ ಉಳಿದರು. ನೆರಳಿಗೆಂದು ಬಂಡೆಯ ಬುಡಕ್ಕೆ ಹೊರಟವರನ್ನು ದೋಣಿಯವನು ಕರೆದು ಮುಂದಕ್ಕೆ ಕೂರಿಸಿದ. ಮೇಲೆ ಕಾಡುಮೇಕೆಗಳು ಓಡಾಡುವಾಗ ಕಲ್ಲುಗಳು ಉರುಳುತ್ತವಂತೆ. ಸ್ವಲ್ಪ ಹೊತ್ತಿಗೆ ಒಂದು ಮುಷ್ಟಿಗಾತ್ರದ ಕಲ್ಲು ಬಂದು ಬಿದ್ದದ್ದನ್ನು ನಾವೇ ನೋಡಿದೆವು.

ಗುರುವಾರ

ಗಾಳಿ ಎರಡಕ್ಕೆ ಇಳಿಯಿತು. ಎಲಫೋನಿಸಿಗೆ ಇದೇ ದಿನ. ಹನ್ಯಾದಿಂದ 75 ಕಿಲೋಮೀಟರ್, ಅಂಕುಡೊಂಕು ರಸ್ತೆ, ಟೊಪೋಲಿಯಾದಲ್ಲಿ ಒಂದೇ ವಾಹನ ಹಿಡಿಸುವ ಸುರಂಗಕ್ಕೆ ಸಿಗ್ನಲ್ ದೀಪ. ಬೆಳಿಗ್ಗೆ ಎಂಟೂವರೆಗೆ ತಲುಪಿದ್ದಕ್ಕೆ ಕಾರು ನಿಲ್ಲಿಸಲು ಜಾಗ ಸಿಕ್ಕಿತು. ಹನ್ನೊಂದರ ನಂತರ ಬಸ್ಸುಗಳು ಬಂದವು, ಆಮೇಲೆ ಅದು ಜಾತ್ರೆ.

ನಸುಗೆಂಪು ಮರಳಿಗೆ ಹೆಸರಾದ ಜಾಗ. ಆ ಬಣ್ಣ ಫೊರಾಮಿನಿಫೆರಾ ಎಂಬ ಸೂಕ್ಷ್ಮ ಕಡಲಜೀವಿಗಳ ಕೆಂಪು ಚಿಪ್ಪುಗಳ ಪುಡಿಯಿಂದ. ಚಿತ್ರಗಳಲ್ಲಿ ಕಾಣುವಷ್ಟು ಕೆಂಪಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನೀರಂಚಿನಲ್ಲಿ ಗೆರೆಗೆರೆಯಾಗಿ ಮಾತ್ರ. ಮರಳು ಒಯ್ಯುವುದು ನಿಷಿದ್ಧ, ಇಡೀ ಜಾಗ ಯುರೋಪಿನ ನಾಟುರಾ 2000 ಸಂರಕ್ಷಿತ ಪಟ್ಟಿಯಲ್ಲಿದೆ. ದಡಕ್ಕೂ ಎದುರಿನ ಪುಟ್ಟ ದ್ವೀಪಕ್ಕೂ ನಡುವೆ ಮೊಣಕಾಲಿನಿಂದ ಸೊಂಟದವರೆಗಿನ ನೀರು. ಅಪ್ಪ ಪಂಚೆ ಎತ್ತಿ ಕಟ್ಟಿ ನಡೆದೇ ದಾಟಿದರು, ಮಧ್ಯೆ ನಿಂತು ಫೋಟೊ ತೆಗೆಸಿಕೊಂಡರು. ಹೊರಬದಿಯಲ್ಲಿ, ದ್ವೀಪದ ಬೆನ್ನಿಗೆ, ನೀರು ಬೇರೆಯೇ ಸ್ವಭಾವದ್ದು. ಆಳ, ಬಂಡೆ, ಹರಿವು. ಅಲ್ಲಿರುವ ದೀಪಸ್ತಂಭದ ಕೆಳಗಿನ ನೀರಿನಲ್ಲಿ 1907ರಲ್ಲಿ ಇಂಪೆರಾಟ್ರಿಕ್ಸ್ ಎಂಬ ಆಸ್ಟ್ರಿಯಾದ ಹಡಗು ಒಡೆದು ಮುಳುಗಿತು.

ಹತ್ತಿರದ ಛತ್ರಿಯಡಿಯಿಂದ ಕಿರುಚಾಟ ಕೇಳಿಸಿದ್ದು ಹನ್ನೆರಡರ ಸುಮಾರಿಗೆ. ಪೋಲೆಂಡಿನ ಯುವಕ, ದೃಢಕಾಯ, ಪಾದ ಹಿಡಿದು ಮರಳಲ್ಲಿ ಹೊರಳುತ್ತಿದ್ದ. ಗ್ರೀಕರು ಡ್ರಾಕೆನಾ ಎನ್ನುವ ಮೀನು, ಬೆನ್ನಿನ ವಿಷದ ಮುಳ್ಳುಗಳನ್ನಷ್ಟೇ ಹೊರಗೆ ಬಿಟ್ಟು ಆಳವಿಲ್ಲದ ಮರಳಲ್ಲಿ ಹೂತು ಕೂತಿರುತ್ತದೆ. ಜೊತೆಯವರು ಐಸು ತರಲು ಓಡಿದರು. ಜೀವರಕ್ಷಕ ಅವರನ್ನು ತಡೆದು, ಕ್ಯಾಂಟೀನಿನಿಂದ ಬಕೆಟ್ಟಿನಲ್ಲಿ ಬಿಸಿನೀರು ತರಿಸಿದ. ಆ ವಿಷ ಪ್ರೋಟೀನಿನದು, ಶಾಖಕ್ಕೆ ಕೆಡುತ್ತದೆ. ತಡೆದುಕೊಳ್ಳುವಷ್ಟು ಬಿಸಿ, ಚರ್ಮ ಸುಡದಷ್ಟು, 45 ಡಿಗ್ರಿ ಮೀರದಂತೆ, ಅರ್ಧ ಗಂಟೆಗೂ ಹೆಚ್ಚು ಪಾದ ಮುಳುಗಿಸಿಡಬೇಕು. ಇಪ್ಪತ್ತು ನಿಮಿಷದಲ್ಲಿ ಆ ಹುಡುಗ ಮಾತಾಡತೊಡಗಿದ. ಉಸಿರಾಟಕ್ಕೆ ತೊಂದರೆಯಾದರೆ, ಊತ ಮೇಲೇರಿದರೆ 112. ಜೆಲ್ಲಿಮೀನು ತಾಗಿದರೆ ಮಾತ್ರ ಸಿಹಿನೀರು ಹಾಕಬಾರದು, ಕಡಲ ನೀರಲ್ಲೇ ತೊಳೆಯಬೇಕು ಎಂದೂ ಆತ ಸೇರಿಸಿದ. ನಾವು ರಬ್ಬರ್ ಅಟ್ಟೆಯ ನೀರುಬೂಟು ಹಾಕಿಕೊಂಡಿದ್ದೆವು. ಹತ್ತು ಯೂರೊ, ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಕಾಲೆತ್ತಿ ಇಡುವ ಬದಲು ಎಳೆದು ನಡೆದರೆ ಮೀನು ತಾನೇ ಸರಿದು ಹೋಗುತ್ತದೆ.

ಬಿಸಿಲಿನ ಮಾತು ಹೇಳದಿದ್ದರೆ ತಪ್ಪಾದೀತು. ಕಪ್ಪು ಚರ್ಮಕ್ಕೆ ಏನೂ ಆಗದು ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿ. ಇಲ್ಲಿ ಬೆವರು ಬರುವುದಿಲ್ಲ, ಗಾಳಿ ತಂಪಾಗಿ ತಾಗುತ್ತಿರುತ್ತದೆ, ಸುಟ್ಟದ್ದು ರಾತ್ರಿಯೇ ತಿಳಿಯುವುದು. ಗಂಡನ ಕುತ್ತಿಗೆ ಎರಡು ದಿನ ಮುಟ್ಟಗೊಡಲಿಲ್ಲ.

ಶುಕ್ರವಾರ

ಮತ್ತೆ ನೆಯಾ ಹೋರಾ. ಮಧ್ಯಾಹ್ನ ಹೋಟೆಲಿನ ಮೀನಿನ ಪೆಟ್ಟಿಗೆಯಲ್ಲಿ ಸಿಂಹಮೀನು ಕಂಡು ಅಪ್ಪ ನಿಂತುಬಿಟ್ಟರು. ಹಿಂದೂ ಮಹಾಸಾಗರ ಮತ್ತು ಕೆಂಪು ಸಮುದ್ರದ ಮೀನು ಅದು. 1869ರಲ್ಲಿ ತೆರೆದ ಸುಯೆಜ್ ಕಾಲುವೆಯ ದಾರಿಯಲ್ಲಿ ಬಂದು ಈಗ ಇಲ್ಲಿಯ ಮೀನುಗಳನ್ನು ತಿಂದು ಬೆಳೆಯುತ್ತಿದೆ. ಮುಳ್ಳಿಗೆ ವಿಷವಿದೆ, ಮಾಂಸಕ್ಕಿಲ್ಲ. ಅದೇ ದಾರಿಯಲ್ಲಿ ಬಂದ ಬೆಳ್ಳಿಕೆನ್ನೆಯ ಪಫರ್ ಮೀನು ಹಾಗಲ್ಲ, ತಿಂದರೆ ಪ್ರಾಣವೇ ಹೋಗಬಹುದು. ಅಪ್ಪ ಸಿಂಹಮೀನು ಹುರಿಸಿಕೊಂಡು ತಿಂದು, ನಮ್ಮ ಕಡೆಯ ಮಸಾಲೆ ಇಲ್ಲ ಎಂದು ತೀರ್ಪು ಕೊಟ್ಟರು. ಕ್ರೀಟ್‌ನಲ್ಲಿ ಊಟದ ಕೊನೆಗೆ ಬಿಲ್ಲಿನ ಜೊತೆ ರಾಕಿ ಎಂಬ ಮದ್ಯದ ಚಿಕ್ಕ ಬಾಟಲಿ ಬಿಟ್ಟಿಯಾಗಿ ಬರುತ್ತದೆ. ಅದನ್ನೂ ರುಚಿ ನೋಡಿದರು.

ಆಮೇಲೆ ಒಂದು ಮುಳುಗು ಹಾಕೋಣ ಎಂದು ಎದ್ದರು. ವಾರದ ಕೊನೆಗೆ ಧೈರ್ಯ ಬಂದಿತ್ತು. ಗೋಪುರದ ಜೀವರಕ್ಷಕ ಇಳಿದು ಬಂದು, ನಯವಾಗಿ, ವಯಸ್ಸೆಷ್ಟು ಎಂದು ಕೇಳಿದ. ಬಿಪಿ ಮಾತ್ರೆ ಇದೆಯೇ? ಕುಡಿದಿದ್ದಾರೆಯೇ? ಆಮೇಲೆ ನನ್ನ ಕಡೆ ತಿರುಗಿ ಹೇಳಿದ: ನಾವು ಇಲ್ಲಿ ನೀರಿನಿಂದ ಎತ್ತುವುದು ಹೆಚ್ಚಾಗಿ ಇವರ ವಯಸ್ಸಿನವರನ್ನು. ಬಿಸಿಲಲ್ಲಿ ಕಾದ ಮೈ, ಹೊಟ್ಟೆ ತುಂಬ ಊಟ, ಮೇಲೊಂದು ಗ್ಲಾಸು, ಸೀದಾ ನೀರಿಗೆ. ಕೂಗುವುದೂ ಇಲ್ಲ, ಕೈ ಬೀಸುವುದೂ ಇಲ್ಲ, ಮುಖ ಕೆಳಗಾಗಿ ತೇಲುತ್ತಿರುತ್ತಾರೆ, ಪಕ್ಕದವರು ಸ್ನಾರ್ಕೆಲಿಂಗ್ ಅಂದುಕೊಳ್ಳುತ್ತಾರೆ. ಇಡೀ ವಾರ ನಾವು ಪಾಳಿ ಹಾಕಿಕೊಂಡು ಕಾದದ್ದು ಮಗಳನ್ನು. ಅಪ್ಪನಿಗೆ ಪಾಳಿ ಯಾರೂ ಹಾಕಿರಲಿಲ್ಲ.

ಹಾಗಾದರೆ ಇವರು ಯಾವಾಗ ಇಳಿಯಬಹುದು ಎಂದೆ. ಅವನು ಕೊಟ್ಟ ಸಮಯ ಬೆಳಿಗ್ಗೆ ಎಂಟು. ಆಗ ನಾನು ಇರುವುದಿಲ್ಲ, ಆದರೆ ಅಜ್ಜಿಯರು ಇರುತ್ತಾರೆ, ಅವರ ಜೊತೆ ನಿಲ್ಲಿಸಿ, ಎಂದ.

ಶನಿವಾರ

ಅಜ್ಜಿಯರು ನಿಜಕ್ಕೂ ಇದ್ದರು. ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಎದೆಮಟ್ಟದ ನೀರಿನಲ್ಲಿ ದುಂಡಗೆ ನಿಂತು ಊರ ಸುದ್ದಿ. ಒಬ್ಬರೂ ಈಜುವುದಿಲ್ಲ, ಒಬ್ಬರೂ ಟೋಪಿ ನೆನೆಸುವುದಿಲ್ಲ. ಯಾರಾದರೂ ಸ್ವಲ್ಪ ದೂರ ಸರಿದರೆ ಉಳಿದವರು ಹೆಸರು ಹಿಡಿದು ಕೂಗುತ್ತಾರೆ. ನಾನು ಅಪ್ಪನ ಮುಂಗೈ, ಕುತ್ತಿಗೆಗೆ ನೀರು ಹಾಕಿಸಿ, ಮೆಲ್ಲಗೆ ಮೊಣಕಾಲು, ಸೊಂಟ, ಎದೆಯವರೆಗೆ ಇಳಿಸಿದೆ. ಅವರಲ್ಲೊಬ್ಬರು ಅಪ್ಪನಿಗೆ ಜಾಗ ಬಿಟ್ಟುಕೊಟ್ಟು ಏನೋ ಕೇಳಿದರು. ಅಪ್ಪ ಗಂಭೀರವಾಗಿ, "ಹೊನ್ನಾವರ" ಎಂದರು. ಆಕೆ ಗೊತ್ತಿರುವ ಊರಿನಂತೆ ತಲೆಯಾಡಿಸಿ ಉಳಿದವರಿಗೆಲ್ಲ ತಿಳಿಸಿದರು.

ವಿಮಾನ ಒಂದೂವರೆಗೆ. ಗಂಡ ದಡದಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದರು. ಅಪ್ಪ ಅಜ್ಜಿಯರಿಗೆ ಕೈಸನ್ನೆಯಲ್ಲಿ ನಮ್ಮ ಕಡಲಿನ ಭರತ ಎಷ್ಟೆತ್ತರ ಏರುತ್ತದೆಂದು ತೋರಿಸುತ್ತಿದ್ದರು, ಅವರು ನಂಬುತ್ತಿರಲಿಲ್ಲ.